ಒಂದೇ ಟಗರಿನ ಹಟ್ಟಿ

ಒಂದು ಕುರಿಹಟ್ಟಿಯನ್ನು ಕಣ್ಣ ಮುಂದೆ ನಿಲ್ಲಿಸಿಕೊಳ್ಳಿ. ಹೊತ್ತು ಈಗಷ್ಟೇ ಮೂಡಿದೆ. ಮುಳ್ಳುಬೇಲಿಯೊಳಗೆ ಇನ್ನೂರು ಕುರಿಗಳು ನಿಂತಿವೆ. ಇನ್ನೂರೂ ಬಿಳಿ. ಇನ್ನೂರಕ್ಕೂ ಒಂದೇ ಬಾಗಿನ ಮೂಗು, ಒಂದೇ ಅಳತೆಯ ಜೋಲುಕಿವಿ. ಯಾವುದೂ ಅಲುಗುತ್ತಿಲ್ಲ, ಬೆನ್ನುಗಳ ಮೇಲೆ ಎಳೆಬಿಸಿಲು ಮಾತ್ರ ಮೆಲ್ಲಗೆ ಸರಿಯುತ್ತಿದೆ. ಬೇಲಿಯಾಚೆಯ ಕಲ್ಲುಕಟ್ಟೆಯ ಮೇಲೆ, ಇಸ್ತ್ರಿ ಮುರಿಯದ ಧೋತರ ಉಟ್ಟ ಶ್ರೀಮಂತನೊಬ್ಬ ಕುಳಿತು ಅವನ್ನೇ ನೋಡುತ್ತಿದ್ದಾನೆ. ಚಿತ್ರ ಚೆಲುವಾಗಿದೆ, ಅಲ್ಲವೇ? ನೋಡಿ, ಚಿತ್ರಗಳ ಗುಣವೇ ಅದು. ಅವುಗಳೊಳಗೆ ಯಾರೂ ಉಸಿರಾಡಬೇಕಾಗಿಲ್ಲ.

ಆ ಸೀಮೆಯ ಕುರಿಗಾರರಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಒಂದು ಹಟ್ಟಿಯ ಬಿತ್ತನೆ ಟಗರು ಇನ್ನೊಂದು ಹಟ್ಟಿಗೆ ಹೋಗಬೇಕು. ಅಲ್ಲಿಯದು ಇಲ್ಲಿಗೆ ಬರಬೇಕು. ಕುರಿಯಾದರೂ ಸರಿ, ತಂದೆಯೇ ಮಗಳಿಗೆ ಗಂಡಾಗಬಾರದು. ಅಕ್ಷರ ಕಲಿಯದವರಿಗೆ ಅಷ್ಟು ವಿವೇಕವಿತ್ತು. ಶ್ರೀಮಂತನ ಕುರಿ ಕಾಯುತ್ತಿದ್ದ ಮುದುಕಿ ಒಂದು ಬೆಳಗ್ಗೆ ಕಟ್ಟೆಯ ಬಳಿ ಬಂದು ನಿಂತಳು.

"ಧಣ್ಯಾರ, ಟಗರ ಬದ್ಲಿ ಮಾಡೂ ಹೊತ್ತಾತ್ರಿ. ಕೆರಿದಂಡಿ ಹಟ್ಟ್ಯಾಗ ಒಂದು ಮಚ್ಚಿ ಟಗರ ಐತಿ."

"ಮಚ್ಚಿ ಟಗರ? ನನ್ನ ಹಟ್ಟ್ಯಾಗ? ನಮ್ಮ ಟಗರಿನ ಮೂಗ ನೋಡೀಯೇನು? ಗಿಣಿಮೂಗ ಅದು!"

"ಮೂಗ ಮೇಯೂದಿಲ್ರಿ ಧಣಿ. ಬಾಯಿ ಮೇಯ್ತೈತಿ."

"ನೀ ಕುರಿ ಕಾಯಿ. ವಂಶ ನಾ ಕಾಯ್ತೀನಿ."

ಆಹಾ, ವಂಶ! ಶ್ರೀಮಂತ ತನ್ನ ಗಿಣಿಮೂಗಿನ ಟಗರಿನ ಪಟಕ್ಕೆ ಕಟ್ಟು ಹಾಕಿಸಿ, ತನ್ನ ಅಜ್ಜನ ಪಟದ ಪಕ್ಕದಲ್ಲೇ ತೂಗುಹಾಕಿದ. ಹಾರ ಯಾರಿಗೆ ಹಾಕಬೇಕೆಂದು ಆಳುಗಳು ತಬ್ಬಿಬ್ಬಾಗುತ್ತಿದ್ದರಂತೆ. ಟಗರು ಮುದಿಯಾಯಿತು, ಅದರ ಮಗ ಬಂತು, ಆಮೇಲೆ ಮೊಮ್ಮಗ. ಹೊರಗಿನ ನೆತ್ತರು ಒಂದು ಹನಿಯೂ ಒಳಗೆ ಬರಲಿಲ್ಲ. ಕಪ್ಪು ಮರಿ, ಮಚ್ಚೆ ಮರಿ, ಕಿವಿ ಗಿಡ್ಡದಾದ ಮರಿ ಹುಟ್ಟಿದರೆ ಅದನ್ನು ಮುದುಕಿಯ ಕೂಲಿಗೆ ಹಾಕಿದ; ಕೂಲಿಗೆ ಮರಿ ಕೊಡುವುದು ಅಲ್ಲಿಯ ವಾಡಿಕೆ. ಕಸವೂ ಹೋಯಿತು, ಕೂಲಿಯೂ ತೀರಿತು ಎಂದು ಒಳಗೊಳಗೇ ಹಿಗ್ಗಿದ. ಮುದುಕಿ ಆ ಕಸವನ್ನು ತನ್ನ ಮನೆಯಲ್ಲಿ ಕಟ್ಟಿಕೊಂಡು, ವರ್ಷವರ್ಷವೂ ಬೇರೆ ಬೇರೆ ಊರಿನ ಟಗರು ತಂದು ಕೂಡಿಸಿದಳು.

ಎಂಟನೆಯ ವರ್ಷ ಮಳೆ ಬಿಡದೆ ಹಿಡಿಯಿತು. ಕೆಸರಿನಿಂದ ನುಸಿ ಎದ್ದಿತು, ನುಸಿಯೊಡನೆ ನೀಲಿನಾಲಗೆ ರೋಗ ಬಂತು. ಬಾಯಿ ಬಾತುಕೊಂಡ ಕುರಿಗಳು ಹಸಿರು ಹುಲ್ಲಿನ ನಡುವೆಯೇ ಹಸಿದು ನಿಂತವು. ಒಂದಕ್ಕೆ ತಡೆಯುವ ಕಸುವು ಇಲ್ಲವೆಂದರೆ ಇನ್ನೂರಕ್ಕೂ ಇಲ್ಲ. ನೆತ್ತರಿನ ಲೆಕ್ಕದಲ್ಲಿ ಆ ಇನ್ನೂರೂ ಒಂದೇ ಕುರಿ. ಕೊನೆಗೆ ಉಳಿದದ್ದು ಒಂಬತ್ತು ಹೆಣ್ಣು. ಟಗರು ಒಂದೂ ಇಲ್ಲ.

ಮುದುಕಿಯ ಮನೆಯಲ್ಲಿ ಬೆಳೆದಿದ್ದ ನಲವತ್ತು ಕುರಿಗಳಲ್ಲೂ ಹದಿನಾಲ್ಕು ಸತ್ತವು, ಸುಳ್ಳೇಕೆ ಹೇಳಬೇಕು? ಉಳಿದವು ಪುಣ್ಯ ಮಾಡಿದ್ದವೆಂದಲ್ಲ. ಒಂದರ ಹಾಗೆ ಇನ್ನೊಂದು ಇರಲಿಲ್ಲ, ಅಷ್ಟೇ. ಯಾವ ಊರಿನ ಯಾವ ಅಜ್ಜಿಕುರಿಯಿಂದಲೋ ಇಳಿದು ಬಂದ ಕಸುವು ಯಾವುದರ ಮೈಯಲ್ಲಿ ಅಡಗಿತ್ತೋ ಅದು ಬದುಕಿತು; ಮುಂದಿನ ಮರಿಗಳು ಅದರವೇ. ಶ್ರೀಮಂತ ಕಣ್ಣಿನಿಂದ ಆರಿಸಿದ್ದ. ರೋಗವೂ ಆರಿಸಿತು, ಆದರೆ ಅದಕ್ಕೆ ಕಣ್ಣಿರಲಿಲ್ಲ. ಬಿಳಿ ಕಾಣಲಿಲ್ಲ, ಗಿಣಿಮೂಗು ಕಾಣಲಿಲ್ಲ, ಗೋಡೆಯ ಮೇಲಿನ ಪಟವಂತೂ ಕಾಣಲೇ ಇಲ್ಲ.

ಒಂಬತ್ತು ಕುರಿಯ ಒಡೆಯ ಮುದುಕಿಯ ಮನೆಗೆ ನಡೆದ. ಎಂಟು ವರ್ಷ ಬದಲಿಗೆ ಬಾರದವನಿಗೆ ಬೇರೆ ಹಟ್ಟಿಯವರು ಯಾರೂ ಟಗರು ಕೊಡುವಂತಿರಲಿಲ್ಲ. ಟಗರು ಸಿಕ್ಕರೆ ಹಟ್ಟಿ ಮತ್ತೆ ತುಂಬುತ್ತದೆ, ಸಿಗದಿದ್ದರೆ ಈ ಒಂಬತ್ತಕ್ಕೇ ಮುಗಿಯಿತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಒಂದು ಟಗರ ಬೇಕಾಗಿತ್ತು, ಯವ್ವಾ."

ಎಂಟು ವರ್ಷದಲ್ಲಿ ಅವಳು ಯವ್ವ ಆದದ್ದು ಅಂದೇ. ನೋಡಿ, ಕುರಿ ಸತ್ತರೆ ಧಣಿಗಳ ನಾಲಗೆ ಎಷ್ಟು ಮೆತ್ತಗಾಗುತ್ತದೆ!

ಮುದುಕಿ ಒಂದು ಮಚ್ಚೆ ಟಗರಿನ ಹಗ್ಗ ಬಿಚ್ಚಿ ಅವನ ಕೈಗಿತ್ತಳು. ಅದರ ಒಂದು ಕಿವಿ ಗಿಡ್ಡ. "ಒಯ್ಯಿರಿ. ರೊಕ್ಕ ಬ್ಯಾಡ. ವರ್ಷಾ ವರ್ಷಾ ಟಗರ ಬದ್ಲಿ ಮಾಡ್ರಿ, ಬಣ್ಣ ನೋಡಿ ಮರಿ ಹೊರಗ ಹಾಕಬ್ಯಾಡ್ರಿ. ಇಷ್ಟ ಮಾತು."

ಟಗರು ಅವನ ಧೋತರಕ್ಕೆ ಹಣೆ ಉಜ್ಜಿತು. ಕೆಸರು ಹತ್ತಿತು.

"ಬಿಳೀದು ಯಾವುದೂ ಇಲ್ಲೇನು?"

"ಬಿಳೀವು ನಿಮ್ಮ ಹೊಲದಾಗ ಅದಾವಲ್ರಿ, ಮಣ್ಣಾಗ."

ನಕ್ಕಿರಿ. ನಗಿ, ನಗಿ. ಆದರೆ ಆಸ್ತಿ ಹೊರಗೆ ಹೋದೀತೆಂದು ಅಕ್ಕನ ಮಗಳನ್ನೇ ತಮ್ಮನಿಗೆ ಕಟ್ಟಿದವರು ಯಾರು? ಮೂರು ತಲೆಮಾರು ಅದೇ ಎರಡು ಮನೆಗಳ ನಡುವೆ ಸುತ್ತಿ ಸುತ್ತಿ, ತೊಟ್ಟಿಲು ಬರಿದಾದಾಗ ದೇವರನ್ನು ಬೈದವರು ಯಾರು? ಹೆಚ್ಚು ಇಳುವರಿಯೆಂದು ಹೊಲಕ್ಕೆಲ್ಲ ಒಂದೇ ತಳಿ ಬಿತ್ತಿ, ಅಜ್ಜಿಯ ಬೀಜದ ಗಡಿಗೆಯಲ್ಲಿ ಪ್ಲಾಸ್ಟಿಕ್ ಹೂ ಇಟ್ಟವರು ಯಾರು? ಬಾಣಂತಿಯ ಮಗ್ಗುಲಲ್ಲಿ ನಿಂತು "ಕೂಸು ಸ್ವಲ್ಪ ಕಪ್ಪು" ಎಂದು ಮುಖ ಕಿವುಚಿದ ತಾಯಂದಿರೇ, ಸೃಷ್ಟಿಯೇ ಕೂಡಿಟ್ಟದ್ದನ್ನು ಕಸವೆನ್ನಲು ನೀವು ಯಾರು? ನಾಳೆ ಬೆಳಗಾದರೆ ಮಾಡಬೇಕಾದದ್ದಿಷ್ಟು. ಹೆಣ್ಣು ಕೇಳಲು ಹೊರಟರೆ ನೆಂಟರ ಬಾಗಿಲು ದಾಟಿ ಮುಂದೆ ನಡೆಯಿರಿ. ಪಕ್ಕದೂರಿನ ಬೀಜ ಎರಡು ಹಿಡಿ ಬೇಡಿ ತನ್ನಿ, ನಿಮ್ಮದು ಎರಡು ಹಿಡಿ ಕೊಡಿ. ನಿಮ್ಮ ಹಾಗಿಲ್ಲದ ಮಗುವನ್ನು ಎತ್ತಿಕೊಳ್ಳಿ.

ಇನ್ನು ಆ ಶ್ರೀಮಂತನ ಸಂಗತಿ. ಹಗ್ಗ ಕೈಯಲ್ಲೇ ಇತ್ತು. ಈ ಗಿಡ್ಡಕಿವಿಯನ್ನು ಹಿಡಿದು ಊರ ಬೀದಿಯಲ್ಲಿ, ಕಟ್ಟೆಯ ಮೇಲೆ ಕುಳಿತವರ ಮುಂದೆ ನಡೆಯಬೇಕು. ಬಾಗಿಲ ಕಡೆ ನೋಡಿದ, ಟಗರನ್ನು ನೋಡಿದ, ಧೋತರದ ಕೆಸರನ್ನು ನೋಡಿಕೊಂಡ. ಹಗ್ಗವನ್ನು ಹೊಸ್ತಿಲ ಮೇಲೆ ಇಟ್ಟ.

"ಆಮ್ಯಾಲೆ ಬರ್ತೀನಿ," ಎಂದ.

"ನಿಮ್ಮ ಒಂಬತ್ತಕ್ಕ ಆಮ್ಯಾಲೆ ಅನ್ನೂದು ಇಲ್ರಿ, ಧಣಿ."

ಅವನು ಹೊರಗೆ ಕಾಲಿಟ್ಟ. ಟಗರು ಎರಡು ಹೆಜ್ಜೆ ಅವನ ಬೆನ್ನು ಹತ್ತಿತು. ಮುದುಕಿ ಅದನ್ನು ಒಳಗೆಳೆದುಕೊಂಡು, ಅವನ ಹಿಂದೆ ಬಾಗಿಲು ಹಾಕಿದಳು.