ಕಾಲು ಕಾಣದ ಫೋಟೋ

...ಅಲ್ಲಾಡಬೇಡ ಅಂದೆನಲ್ಲ! ಹಾಂ... ಹಾಗೇ. ದಿಂಬಿಗೆ ತಲೆ ಕೊಟ್ಟು ಸುಮ್ಮನೆ ಮಲಗಿರು, ಅಣ್ಣ ನೋಡ್ಕೋತಾನೆ. ಈ ಕಿಟಕಿ ಬೆಳಕು ನೋಡೋ, ಒಂದೇ ಪಕ್ಕದಿಂದ ಬೀಳ್ತಾ ಇದೆ. ಆಹಾ! ಸ್ಟುಡಿಯೋದವರು ಬಿಳಿ ಬಟ್ಟೆ ಕಟ್ಟಿ, ಕೊಡೆ ಹಿಡಿದು, ಏನೇನು ಸರ್ಕಸ್ ಮಾಡಿದರೂ ಇಂಥ ಬೆಳಕು ಸಿಗಲ್ಲ. ಅಂಥದ್ದು ಇಲ್ಲಿ ಆಸ್ಪತ್ರೆ ಮಂಚದ ಮೇಲೆ ಬಿಟ್ಟಿ ಬಿದ್ದಿದೆ! ...ಯಾಕೆ ನಗ್ತೀಯ? ನಗಬೇಡ ಮಹಾರಾಯ, ಹೊಲಿಗೆ ಕಿತ್ತುಕೊಳ್ಳುತ್ತೆ! ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಸಿ ತಂತಿ ಬಿಗಿದಿದಾರೆ ನಿಂಗೆ... ಓ. ನಗು ಅಲ್ಲವಾ ಅದು. ನೋವಾ? ಸರಿ ಸರಿ. ತುಟಿ ಒಂದು ಕಡೆ ಏರಿತಲ್ಲ, ನಕ್ಕೆ ಅಂದ್ಕೊಂಡೆ.

ಮಾತಾಡೋಕೆ ಹೋಗಬೇಡ. ದವಡೆ ಮುರಿದುಕೊಂಡವನಿಗೆ ಮಾತು ಯಾಕೆ? ಕಣ್ಣಲ್ಲೇ ಹೇಳು. ಹೂಂ ಅಂದರೆ ಒಂದು ಸಲ ಮಿಟುಕಿಸು, ಊಹೂಂ ಅಂದರೆ ಎರಡು ಸಲ. ಗೊತ್ತಾಯ್ತಾ? ...ಮಿಟುಕಿಸೋ! ...ಹೋಗಲಿ ಬಿಡು, ಸುಸ್ತಾಗಿದೀಯ.

ಫೋಟೋ ಯಾಕೆ ಅಂತೀಯಾ? ಕೇಸಿಗೆ ಬೇಕಲ್ಲಪ್ಪ! ಸಂಜೆ ಇನ್ಸ್‌ಪೆಕ್ಟರ್ ಬರ್ತಾರಂತೆ, ನಿನ್ನ ಹೇಳಿಕೆ ತಗೊಳ್ಳೋಕೆ. ನಾನು ಅವರಿಗೆ ಆಗಲೇ ಎಲ್ಲಾ ಹೇಳಿದೀನಿ. ಯಾರೋ ಕಳ್ಳರು ಸಾರ್, ಕರೆಂಟು ಹೋದ ಹೊತ್ತು ನೋಡಿ ನನ್ನ ತಮ್ಮನ ಗ್ಯಾರೇಜಿಗೆ ನುಗ್ಗಿದಾರೆ, ಹಿಂದಿನಿಂದ ಬಾರಿಸಿ ಓಡಿದಾರೆ ಅಂತ. ನೀನು ಸುಮ್ಮನೆ ತಲೆ ಆಡಿಸಿದರೆ ಮುಗೀತು. ಯಾರ ಮುಖಾನೂ ನೀನು ನೋಡಿಲ್ಲ, ಅಲ್ಲವಾ? ...ನೋಡಿಲ್ಲ ತಾನೇ? ...ಕಣ್ಣು ಮುಚ್ಚಬೇಡ, ನಾನು ಕೇಳ್ತಾ ಇದೀನಿ!

...ಏನಿಲ್ಲ, ಏನಿಲ್ಲ. ಸ್ವಲ್ಪ ಜೋರಾಯ್ತು. ನಿದ್ದೆ ಇಲ್ಲ ನೋಡು, ಅದಕ್ಕೆ.

ಚೀಲ ತೆಗೀತೀನಿ ಇರು. ಲೆನ್ಸಿಗೆಲ್ಲ ಕಾಲುಚೀಲ ಹಾಕಿದೀನಿ, ನೀನು ಯಾವಾಗಲೂ ಆಡ್ಕೋತಿದ್ದೆ, "ಅಣ್ಣನ ಕಾಲು ತಣ್ಣಗಿದ್ದರೂ ಪರವಾಗಿಲ್ಲ, ಲೆನ್ಸಿಗೆ ಶೀತ ಆಗಬಾರದು" ಅಂತ! ಹಹ್ಹ! ಗ್ರೀಸಪ್ಪಾ, ಗ್ರೀಸಪ್ಪಾ... ಬಾಯಿ ಬೊಂಬಾಯಿ ನಿಂದು. ನಾನೇ ಇಟ್ಟ ಹೆಸರಲ್ಲವಾ ಅದು? ಗಾಡಿ ರಿಪೇರಿಗೆ ಬಂದವರಿಗೆಲ್ಲ ನೀನು ನನ್ನನ್ನ ತೋರಿಸಿ, "ಇವರು ನಮ್ಮ ಫೋಟೋ ಅಣ್ಣ" ಅಂತಿದ್ದೆ. ನನಗೆ ಒಳಗೊಳಗೇ ಖುಷಿ. ಪಾರ್ಸಲ್ ಆಫೀಸಿನಲ್ಲಿ ದಿನವಿಡೀ ಗಂಟು ತೂಗೋನಿಗೆ ಅಷ್ಟಾದರೂ ಮರ್ಯಾದೆ ಬೇಡವಾ?

ಇದು ಅಗಲದ ಲೆನ್ಸು. ಇದನ್ನ ಹಾಕ್ಕೊಂಡು ಹತ್ತಿರ ಬಂದರೆ ನಿನ್ನ ಮೂಗು ಬದನೆಕಾಯಿ! ಬೇಡ ಬಿಡು, ಆಗಲೇ ಊದಿದೆ. ನೆನಪಿದೆಯಾ, ಇದರಲ್ಲೇ ಅಲ್ಲವಾ ಅಮ್ಮನ ಅಂಗೈ ಮೇಲೆ ನೀರಿನ ಟ್ಯಾಂಕು ಕೂರಿಸಿದ್ದು! ಅಮ್ಮ ಇಲ್ಲಿ, ಟ್ಯಾಂಕು ಅಷ್ಟು ದೂರ. ನೀನು ಪಕ್ಕದಲ್ಲಿ ನಿಂತು, "ಅಮ್ಮಾ, ಕೈ ಎತ್ತು, ಇನ್ನೂ ಸ್ವಲ್ಪ, ಟ್ಯಾಂಕು ಬಿದ್ದೀತು" ಅಂತ ಕುಣೀತಿದ್ದೆ. ಫೋಟೋ ನೋಡಿ ಅಮ್ಮ ಏನಂದಳು? "ಇದೇನ್ರೋ, ಕಣ್ಣಿಗೆ ಮಣ್ಣೆರಚೋ ವಿದ್ಯೆ! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಅದಕ್ಕೇ ಹೇಳೋದು." ಆವತ್ತು ನೀನೇ ಅಮ್ಮನಿಗೆ ಹೇಳಿಕೊಟ್ಟೆ... "ಅಮ್ಮಾ, ಮೋಸ ಹಿಡೀಬೇಕಾದರೆ ಕಾಲು ನೋಡಬೇಕು. ಯಾರ ಕಾಲು ಎಲ್ಲಿ ನೆಲಕ್ಕೆ ತಾಗಿದೆ ನೋಡು, ದೂರ ಎಷ್ಟು ಅಂತ ಗೊತ್ತಾಗುತ್ತೆ."

ಹೂಂ. ಕಾಲು ನೋಡಬೇಕು.

ಇದು... ಇದು ಆ ಉದ್ದದ್ದು. ಯಾಕೋ? ಹೊದಿಕೆ ಯಾಕೆ ಹಾಗೆ ಹಿಡ್ಕೊಂಡೆ? ಲೆನ್ಸು ಕಣೋ, ಬಂದೂಕಲ್ಲ! ಮೊಳಕೈ ಉದ್ದ ಇದೆ ಅಷ್ಟೇ. ನಿನಗೆ ಇದರ ಗುಣ ಹೇಳಬೇಕು. ಹೇಳಲೇಬೇಕು, ಇಲ್ಲದಿದ್ದರೆ ನಿನಗೆ ಅರ್ಥ ಆಗಲ್ಲ. ಇದು ದೂರದ್ದನ್ನ ಹತ್ತಿರ ತರುತ್ತೆ ಅಂತ ಎಲ್ಲರೂ ಅಂತಾರೆ. ಅಷ್ಟೇ ಅಲ್ಲ. ಮುಂದಿರೋದು, ಹಿಂದಿರೋದು ಎರಡನ್ನೂ ಹಿಡಿದು ಒಂದರ ಬೆನ್ನಿಗೊಂದು ಅಂಟಿಸಿಬಿಡುತ್ತೆ. ನಡುವಿನ ದೂರಾನ ತಿಂದುಹಾಕುತ್ತೆ!

ಮೊನ್ನೆ ರಜಾ ಹಾಕಿದ್ದೆನಲ್ಲ, ಆವತ್ತು ತಾರಸಿ ಮೇಲೆ ಎರಡು ಕ್ಯಾಮೆರಾ ಇಟ್ಟೆ. ಒಂದಕ್ಕೆ ಉದ್ದದ ಲೆನ್ಸು, ಟ್ರೈಪಾಡ್ ಮೇಲೆ. ಇನ್ನೊಂದಕ್ಕೆ ಅಗಲದ್ದು, ಕಟ್ಟೆ ಮೇಲೆ. ಒಂದೇ ರಸ್ತೆ, ಒಂದೇ ಕ್ಷಣ, ಎರಡು ಲೆನ್ಸು. ಏನು ವ್ಯತ್ಯಾಸ ಬರುತ್ತೆ ನೋಡೋಣ ಅಂತ. ಪ್ರಯೋಗ ಕಣೋ, ಬರೀ ಪ್ರಯೋಗ! ಯಾರನ್ನೂ ಕಾಯೋಕೆ ಕೂತಿರಲಿಲ್ಲ ನಾನು. ಹಾಗೆ ನೋಡಬೇಡ!

...ಸರಿ. ಕಾಯ್ತಿದ್ದೆ. ಸ್ವಲ್ಪ. ನಿನ್ನತ್ತಿಗೆ ದಿನಾ ಬಸ್ಸಿಗೆ ನಿಲ್ಲೋದು ನಿನ್ನ ಗ್ಯಾರೇಜಿನ ಎದುರಿಗೆ. ಮನೆಯಲ್ಲಿ ನನ್ನ ಹತ್ತಿರ ಉಪ್ಪು, ಹುಳಿ ಬಿಟ್ಟು ಬೇರೆ ಮಾತಿಲ್ಲ ಅವಳಿಗೆ. ನಿನ್ನ ಹೆಸರು ಬಂದರೆ ಮಾತ್ರ ಮುಖ ಅರಳುತ್ತೆ. "ನಿಮ್ಮ ತಮ್ಮ ಇವತ್ತು ಏನಂದ ಗೊತ್ತಾ?" ಅಂತ ಕಿಲಕಿಲ ನಗು! ನನ್ನ ಮಾತಿಗೆ ಯಾವತ್ತಾದರೂ ನಕ್ಕಿದಾಳಾ? ಅನುಮಾನದ ಹುಳ ಆಗಲೇ ಒಳಗೆ ಹೊಕ್ಕಿತ್ತು ಕಣೋ. ಲೆನ್ಸು ಅದಕ್ಕೆ ಅನ್ನ ಹಾಕಿತು.

ಅವಳು ಬಂದು ನಿಂತಳು. ಎರಡೂ ಒಟ್ಟಿಗೆ ಒತ್ತಿದೆ, ಟಿಕ್, ಟಿಕ್. ಬಚ್ಚಲುಮನೆ ಕತ್ತಲು ಮಾಡಿ ಎರಡೂ ರೀಲು ಒಂದೇ ಡಬ್ಬಿಯಲ್ಲಿ ತೊಳೆದೆ. ಬಟ್ಟೆ ಒಣಗಿಸೋ ಹಗ್ಗಕ್ಕೆ ಎರಡನ್ನೂ ಕ್ಲಿಪ್ಪು ಹಾಕಿ ನೇತುಹಾಕಿದೆ. ಮೊದಲು ಯಾವುದನ್ನ ನೋಡಿದೆ ಅಂತೀಯಾ? ಈ ಉದ್ದದ ಲೆನ್ಸಿನದ್ದೇ. ಪ್ರಿಂಟು ಹಾಕೋ ತಾಳ್ಮೆ ಎಲ್ಲಿತ್ತು? ಒದ್ದೆ ನೆಗೆಟಿವ್‌ನೇ ಬಲ್ಬಿಗೆ ಹಿಡಿದೆ. ಅದರಲ್ಲಿ ನಿನ್ನತ್ತಿಗೆ ಇದಾಳೆ. ಅವಳ ಕಿವಿ ಪಕ್ಕದಲ್ಲೇ ನಿನ್ನ ಮುಖ. ಅವಳ ಹೆಗಲ ಮೇಲೆ ನಿನ್ನ ಕೈ! ಇಬ್ಬರೂ ನಗ್ತಾ ಇದೀರಿ. ನೆಗೆಟಿವ್‌ನಲ್ಲಿ ಹಲ್ಲು ಕಪ್ಪಗೆ ಕಾಣುತ್ತೆ, ಗೊತ್ತಲ್ಲ? ಕಪ್ಪು ಹಲ್ಲು ಕಿಸಿದು ಇಬ್ಬರೂ ನನ್ನ ನೋಡಿ ನಗ್ತಾ ಇದ್ದ ಹಾಗೆ... ನನ್ನ ರಕ್ತ ಕುದೀತು ಕಣೋ! ಸೊಂಟದ ಕೆಳಗೆ ಫ್ರೇಮು ಕಟ್ಟಾಗಿತ್ತು. ಕಾಲು ಕಾಣ್ತಾ ಇರಲಿಲ್ಲ! ಒಬ್ಬರದ್ದೂ ಕಾಣ್ತಾ ಇರಲಿಲ್ಲ!

ಇನ್ನೊಂದು ರೀಲು ಪಕ್ಕದಲ್ಲೇ ತೊಟ್ಟಿಕ್ಕುತ್ತಾ ಇತ್ತು. ಒಂದು ಗೇಣು ದೂರ. ಕೈ ಚಾಚಿದ್ದರೆ ಸಾಕಿತ್ತು. ಅದರಲ್ಲಿ ಇಬ್ಬರ ಕಾಲೂ ಕಾಣುತ್ತೆ, ಅವಳು ರಸ್ತೆಯ ಈಚೆ, ನೀನು ಆಚೆ. ನಡುವೆ ಚರಂಡಿ, ಇಡೀ ರಸ್ತೆ, ಒಂದು ಲಾರಿ ಹೋಗೋಷ್ಟು ಜಾಗ. ನೀನು ಯಾವನಿಗೋ "ಗಾಡಿ ಇಲ್ಲಿ ನಿಲ್ಲಿಸಪ್ಪಾ" ಅಂತ ಕೈ ತೋರಿಸ್ತಾ ಇದೀಯ. ಅವಳು ಬಸ್ ಸ್ಟಾಪಿನ ಮುದುಕಿ ಜೊತೆ ನಗ್ತಾ ಇದಾಳೆ. ನೀವಿಬ್ಬರೂ ಒಬ್ಬರನ್ನೊಬ್ಬರು ನೋಡ್ತಾನೂ ಇಲ್ಲ! ಆದರೆ ಅದನ್ನ ನೋಡಿದ್ದು ಆಮೇಲೆ. ಎಲ್ಲಾ ಆದ ಮೇಲೆ...

ಏನಿಲ್ಲ. ಎಲ್ಲಾ ಆದ ಮೇಲೆ ಅಂದರೆ... ಕಳ್ಳರು ಬಂದು ಹೋದ ಮೇಲೆ.

ಯಾಕೆ ನನ್ನ ಕೈ ನೋಡ್ತೀಯ? ಇದು ಗಾಯ ಅಲ್ಲ. ಟ್ರೈಪಾಡ್ ಮಡಚುವಾಗ ಸಿಕ್ಕಿಕೊಂಡಿತು. ಥೂ... ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗಾಯ್ತು ನನ್ನ ಕಥೆ. ನೀನೇನೂ ಕೇಳಲೇ ಇಲ್ಲ, ನಾನೇ ಬಡಬಡ ಅಂತ... ಇರು, ದಿಂಬು ಸರಿ ಮಾಡ್ತೀನಿ. ಯಾಕೆ ಬೆಚ್ಚಿಬಿದ್ದೆ? ದಿಂಬು ಕಣೋ! ತಲೆ ಕೆಳಗೆ ಇಡೋಕೆ! ಮುಖದ ಮೇಲೆ ಇಡ್ತೀನಿ ಅಂದ್ಕೊಂಡೆಯಾ? ನಿನ್ನ ಅಣ್ಣ ನಾನು!

ಅಲ್ಲ, ಆ ಕಳ್ಳರಿಗೂ ಎಷ್ಟು ಧೈರ್ಯ. ನೀನು ಪಾಪ, ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಕರೆಂಟಿಲ್ಲ. ಟಾರ್ಚನ್ನ ಹಲ್ಲಲ್ಲಿ ಕಚ್ಚಿಕೊಂಡು ನಟ್ಟು ತಿರುಗಿಸ್ತಾ ಇದ್ದೆ. ಹಿಂದಿನಿಂದ ಬಂದ ಸದ್ದು ಗೊತ್ತಾಗಲಿಲ್ಲ. ಮೊದಲನೇ ಏಟು ಹಿಂದಲೆಗೆ. ಟಾರ್ಚು ಬಿತ್ತು, ಉರುಳಿಕೊಂಡು ಹೋಯ್ತು...

...ಏನು? ನನಗೆ ಹೇಗೆ ಗೊತ್ತು ಅಂತಾನಾ? ಜನ ಹೇಳಿದರು. ಯಾರು ಅಂದರೆ... ಯಾರೋ ಅಂದರು. ಸುಮ್ಮನಿರು! ಹಾಗೆ ದಿಟ್ಟಿಸಬೇಡ! ಕಣ್ಣು ಆ ಕಡೆ ತಿರುಗಿಸು! ತಿರುಗಿಸೋ ಅಂದೆ!

ಬನ್ನಿ ಸಿಸ್ಟರ್. ಇಲ್ಲ ಇಲ್ಲ, ಜಗಳ ಏನಿಲ್ಲ, ಅಣ್ಣ ತಮ್ಮ ಮಾತಾಡ್ತಾ ಇದೀವಿ. ಅಂದರೆ ನಾನು ಮಾತಾಡ್ತಾ ಇದೀನಿ, ಅವನಿಗೆಲ್ಲಿ ಬರುತ್ತೆ ಪಾಪ, ತಂತಿ ಹಾಕಿದೀರಲ್ಲ... ಏನಂದಿರಿ? ...ಯಾರು? ಇವನಾ? ...ಬೆಳಗ್ಗೆಯಿಂದ ಮಾತಾಡ್ತಾ ಇದಾನಾ? ...ಹಲ್ಲು ಕಚ್ಚಿಕೊಂಡೇ ಎಲ್ಲರೂ ಮಾತಾಡ್ತಾರಾ? ಓ... ಹೌದಾ.

ಅಮ್ಮನ ಜೊತೆ ಮಾತಾಡಿದನಾ. ಹಾಲು ಸಾಕು ಅಂದನಾ. ಅವನ ಅತ್ತಿಗೆ ಜೊತೆನೂ? ...ಮತ್ತೆ ಇನ್ಸ್‌ಪೆಕ್ಟರ್? ಅವರು ಸಂಜೆ ಬರೋದಲ್ಲವಾ? ...ಬಂದು ಹೋದರಾ? ಏನು ಹೇಳಿದ ಸಿಸ್ಟರ್? ನನ್ನ ತಮ್ಮ ಅವರಿಗೆ ಏನು ಹೇಳಿದ? ...ಸ್ಟ್ಯಾಂಡು ಜಾರಿ ಗಾಡಿ ಮೈಮೇಲೆ ಬಿತ್ತು ಅಂತಾನಾ? ...ಯಾರೂ ಹೊಡೆದಿಲ್ಲ ಅಂತಾನಾ? ಸಹಿ ಕೂಡ ಹಾಕಿದನಾ?

...ಸ್ವಲ್ಪ ಹೊತ್ತು ಹೊರಗಿರ್ತೀರಾ ಸಿಸ್ಟರ್? ಒಂದೇ ನಿಮಿಷ.

ಮಾತು ಬರುತ್ತೆ ನಿನಗೆ.

ಎಲ್ಲರ ಹತ್ತಿರ ಬರುತ್ತೆ. ನಾನು ಬಂದು ಇಷ್ಟು ಹೊತ್ತಾಯ್ತು, ಮಂಗನ ಹಾಗೆ ಲೆನ್ಸು ತೋರಿಸ್ತಾ, ಕಳ್ಳರ ಕಥೆ ಕಟ್ತಾ... ನೀನು ಕೇಳಿಸ್ಕೊಂಡು ಬಿದ್ದಿದ್ದೆ. ಬೈಯೋ! ಬೈದುಬಿಡೋ! ಈ ಲೋಟ ಎತ್ತಿ ನನ್ನ ಹಣೆಗೆ ಹೊಡಿ! ಇನ್ಸ್‌ಪೆಕ್ಟರ್ ಹತ್ತಿರ ಯಾಕೆ ಸುಳ್ಳು ಹೇಳಿದೆ? ಅಮ್ಮನಿಗೋಸ್ಕರ ತಾನೇ? ನನಗೋಸ್ಕರ ಅಲ್ಲ... ಅಲ್ಲ ತಾನೇ?

ಟಾರ್ಚು ಉರುಳಿ ನನ್ನ ಕಾಲ ಹತ್ತಿರ ನಿಂತಿತು. ಮುಖ ಕತ್ತಲಲ್ಲಿತ್ತು. ಕಾಲು ಮಾತ್ರ ಕಾಣ್ತಾ ಇತ್ತು. ನೀನೇ ಹೊಲಿಸಿ ಕೊಟ್ಟ ಚಪ್ಪಲಿ. ನೆಲದ ಮೇಲೆ ಬಿದ್ದುಕೊಂಡೇ ಅದನ್ನ ನೋಡಿದೆ ನೀನು. ನೋಡಿ "ಅಣ್ಣಾ" ಅಂದೆ.

ಹೆದರಿ ಕೂಗಿದ್ದಲ್ಲ ಅದು. ಯಾರೋ ಹೊಡೆದರು, ಸದ್ಯ ಅಣ್ಣ ಬಂದ, ಇನ್ನು ಭಯ ಇಲ್ಲ ಅನ್ನೋ ಹಾಗೆ ಅಂದೆ! ನಾನು ನಿನ್ನ ಕಾಪಾಡೋಕೆ ಬಂದವನು ಅಂದ್ಕೊಂಡೆ! ಆ ಮಾತು ನನಗೆ ತಡ್ಕೊಳ್ಳೋಕೆ ಆಗಲಿಲ್ಲ ಕಣೋ. ಇನ್ನೊಂದು ಸಲ ಅಂದರೆ ಕೈ ಬಿದ್ದುಹೋಗುತ್ತೆ ಅನ್ನಿಸ್ತು. ಬಾಯಿ ಮುಚ್ಚಲಿ ಅಂತಲೇ ಹೊಡೆದೆ. ಎರಡನೇ ಏಟು ಅದಕ್ಕೇ ದವಡೆಗೆ ಬಿತ್ತು. ಮೊದಲನೆಯದನ್ನ ಲೆನ್ಸಿನ ತಲೆ ಮೇಲೆ ಹಾಕಬಹುದು. ಎರಡನೆಯದು ನನ್ನದೇ.

ಸಿಟ್ಟಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ, ಗೊತ್ತು. ಒಂದೇ ಸಲ ಅನ್ನು. ಅದೇ ಮಾತು. ಹಲ್ಲು ಕಚ್ಚಿಕೊಂಡೇ ಅನ್ನು ಪರವಾಗಿಲ್ಲ. ಆಮೇಲೆ ಜೈಲಿಗೆ ಕಳಿಸು. ನಾನೇ ಹೋಗಿ ಹೇಳ್ತೀನಿ ಬೇಕಾದರೆ! ...ಯಾಕೋ ಗೋಡೆ ಕಡೆ ತಿರುಗ್ತೀಯ? ಹೊಲಿಗೆ ಒತ್ತುತ್ತೆ, ಆ ಪಕ್ಕ ಬೇಡ... ಗಂಟೆ ಯಾಕೆ ಒತ್ತಿದೆ? ಏನು ಬೇಕು? ನೀರಾ? ನಾನು ಕೊಡ್ತೀನಲ್ಲ...

ಬನ್ನಿ ಸಿಸ್ಟರ್. ಏನೋ ಬೇಕಂತೆ ಇವನಿಗೆ. ಹತ್ತಿರ ಬಗ್ಗಿ ಕೇಳಿ, ನಿಮಗೆ ಹೇಳ್ತಾನೆ. ನನಗೆ ಈ ಕಡೆಯಿಂದ ಕೇಳಿಸ್ತಾ ಇಲ್ಲ...

ಏನಂದ?

...ಹೇಳಿ ಸಿಸ್ಟರ್, ಪರವಾಗಿಲ್ಲ.

..."ಈ ಫೋಟೋದವರನ್ನ ಹೊರಗೆ ಕಳಿಸಿ" ಅಂದನಾ.

ಫೋಟೋದವರನ್ನ.

ಹೂಂ... ಇಲ್ಲ, ಇಲ್ಲ, ನೀವು ಸರಿಯಾಗೇ ಕೇಳಿಸ್ಕೊಂಡಿದೀರಿ. ಹೋಗ್ತೀನಿ ಸಿಸ್ಟರ್. ಆ ಕಾಲುಚೀಲ ಸ್ವಲ್ಪ ಕೊಡಿ, ಮಂಚದ ಕೆಳಗೆ ಬಿದ್ದಿದೆ.