ಮೋರಿಗೆ ಸುರಿದ ತಿನ್ನರ್

ಹಳೆಯ ಬಣ್ಣ, ಬ್ಯಾಟರಿಗಳನ್ನು ತೆಗೆದುಕೊಳ್ಳುವ ಕೌಂಟರಿನ ಸಾಲಿನಲ್ಲಿ ನನಗಿಂತ ಮುಂದೆ ಇಬ್ಬರು ಷಡ್ಡಕರಿದ್ದರು. ಹಿರಿಯವನು ಪೇಂಟರ್, ಕೈಯಲ್ಲಿ ಬ್ರಷ್ ತೊಳೆದ ತಿನ್ನರಿನ ಕ್ಯಾನು. ಕಿರಿಯವನು ಕೆರೆಯಲ್ಲಿ ಮೀನು ಹಿಡಿಯುವವನು. ಹೆಗಲ ಮೇಲೆ ದೋಣಿಯ ಹಳೇ ಬ್ಯಾಟರಿ.

"ಇಷ್ಟು ದಿನ ಇದನ್ನ ಎಲ್ಲಿ ಚೆಲ್ತಿದ್ರಿ ಅಣ್ಣ?"

"ಬಚ್ಚಲಿಗಂತೂ ಒಂದು ಹನಿ ಬಿಟ್ಟಿಲ್ಲಪ್ಪ. ಮಕ್ಕಳು ಸ್ನಾನ ಮಾಡೋ ಜಾಗ. ಬೀದಿಗೆ ಹೋಗಿ ಮಳೆನೀರಿನ ಮೋರಿಗೆ ಸುರೀತಿದ್ದೆ."

"ಎಷ್ಟು ವರ್ಷದಿಂದ?"

"ಇಪ್ಪತ್ತಾಯ್ತೇನೋ. ಯಾಕೆ?"

"ಬಚ್ಚಲ ನೀರನ್ನಾದ್ರೂ ಶುದ್ಧ ಮಾಡಿ ಬಿಡ್ತಾರೆ. ಮಳೆಮೋರಿ ನೆಟ್ಟಗೆ ಕೆರೆಗೆ ಹೋಗುತ್ತೆ. ನಿಮ್ಮ ಬೀದೀದು ನಾನು ಬಲೆ ಬೀಸೋ ಮೂಲೆಗೇ ಬೀಳೋದು."

ಪೇಂಟರ್ ಕ್ಯಾನಿನ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿಮಾಡಿದ.

"ಯಾರೂ ಹೇಳಲಿಲ್ಲವಲ್ಲಯ್ಯ."

"ನನಗೂ ಮೊನ್ನೆ ಗೊತ್ತಾಗಿದ್ದು. ಮೀನಿಗೆ ಏನೋ ಪೇಂಟ್ ವಾಸನೆ ಅಂತ ಗಿರಾಕಿಗಳು ಮೂಗು ಮುರೀತಾನೇ ಇದ್ರು. ನೀವೊಬ್ಬರೇ ಏನೂ ಅನ್ನದೆ ತಗೊಳ್ಳೋರು."

"ನನ್ನ ಮೂಗಿಗೆ ಎಲ್ಲಾನೂ ಪೇಂಟೇ ಕಣಯ್ಯ."

ಸಾಲು ಒಂದು ಹೆಜ್ಜೆ ಸರಿಯಿತು.

"ಮಕ್ಕಳು ತಿನ್ನಲ್ಲ ಅಂತ ಹಟ ಮಾಡೋವು," ಎಂದ ಪೇಂಟರ್. "ಚಿಕ್ಕಪ್ಪ ಅಷ್ಟು ಪ್ರೀತಿಯಿಂದ ಕಳಿಸ್ತಾನೆ ಅಂತ ನಾನೇ ಗದರಿಸಿ ತಿನ್ನಿಸ್ತಿದ್ದೆ."

ಕಿರಿಯವನು ಬ್ಯಾಟರಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ.

ಕೌಂಟರಿನ ಹೆಂಗಸು ಕ್ಯಾನನ್ನು ತೂಗಿ, "ಇಷ್ಟೇನಾ?" ಎಂದಳು.

"ಉಳಿದಿರೋದು ಇಷ್ಟೇ ತಾಯಿ."

ಇಬ್ಬರೂ ಖಾಲಿ ಕೈಯಲ್ಲಿ ಹೊರಗೆ ನಡೆದರು.