ಅರ್ಧಕ್ಕ ನಿಂತ ಪಾಳಿ

ಕಂದೀಲ ಜರಾ ಸಣ್ಣ ಮಾಡು. ಬಾಗಿಲ ಹಾಕ್ಯಾರೇನು ನೋಡು... ಹಾಂ, ಕುಂದ್ರು. ನಡುವ ಯಾರೂ ಬಾಯಿ ಹಾಕ್ಬ್ಯಾಡ್ರಿ. ನಗೋರು ಈಗೇ ಎದ್ದು ಹೋಗಿ ಮಲ್ಕೋರಿ. ಇದು ಎಲ್ಲೋ ಕೇಳಿ ಬಂದು ಹೇಳೋದಲ್ಲ, ನಮ್ಮ ದೊಡ್ಡಪ್ಪನ ಮಗ ವೈಜಿನಾಥನ ಪಾಲಿಗಿ ಬಂದದ್ದು. ಅರ್ಧ ನನ್ನ ಕಣ್ಣ ಮುಂದೇ ನಡದದ.

ವೈಜಿನಾಥ ಆಗ ತಾಂಡೂರಿನ್ಯಾಗ ಟೀವಿ ರಿಪೇರಿ ಮಾಡ್ತಿದ್ದ. ಎಂಬತ್ತೆಂಟನೇ ಇಸವಿ ಇರ್ಬೇಕು, ಶಿವರಾತ್ರಿ ಮುಂದ. ಆವತ್ತು ಕೊಹೀರದಾಗ ಕಡೀ ಬಸ್ ಇಳದು, ಅಕ್ಕ ಸುಗಲಾಬಾಯಿ ಊರಿಗಿ ನಡಕೋತ ಹೊಂಟಾನ. ಹೆಗಲ ಮ್ಯಾಲ ದೊಡ್ಡ ಚೀಲ. ಬೆಳದಿಂಗಳ ಇಲ್ಲ. ಹಾದಿ ಮಗ್ಗಲಕ್ಕೇ ಅಕ್ಕನ ಹೊಲ, ಹೊಲದಾಗ ಬಾವಿ. ಬಾವಿ ಹತ್ರ ಬಂದಾಗ ಕೇಳಿಸ್ತು... ಠಕ್. ಸ್ಟಾರ್ಟರ್ ಒತ್ತಿದ ಸಪ್ಪಳ. ಅದರ ಹಿಂದೇ ಮೋಟಾರ್ ಗೂಂ ಅಂತ ಎದ್ದಿತು.

ಬಾಜೂ ಹೊಲದ ಅಂಜಪ್ಪ ನೀರು ಹಾಯಿಸಾಕತ್ತಾನ ಅಂದ್ಕೊಂಡ. ಬಾವಿ, ಮೋಟಾರ್ ಎರಡೂ ಇಬ್ಬರದೂ ಕೂಡಿ ಇದ್ವು.

"ಅಂಜಪ್ಪಣ್ಣ... ನೀವೇನ್ರಿ?"

ಮೋಟಾರ್ ಗೂಂ ಅನ್ನಾಕತ್ತದ, ಆದ್ರ ಪೈಪಿನ ಬಾಯಾಗ ಗಳಗಳ ಇಲ್ಲ. ಕಾಲುವ್ಯಾಗ ನೀರು ಹರಿಯೋ ಸಪ್ಪಳ ಇಲ್ಲ. ಬಾವ್ಯಾಗ ನೀರು ಇಳದಿರ್ಬೇಕು ಅಂತ ತನಗ ತಾನೇ ಹೇಳ್ಕೊಂಡು ಜಲ್ದಿ ಜಲ್ದಿ ಊರ ಹಾದಿ ಹಿಡದ. ಮನಿಗಿ ಬಂದು ಈ ಮಾತು ಯಾರ ಮುಂದೂ ತೆಗೀಲಿಲ್ಲ. ತೆಗೀಬೇಕಿತ್ತು.

ಸುಗಲಾನ ಗಂಡ ಮನ್ಮಥಪ್ಪ ತೀರಿಕೊಂಡು ಆಗ ಎರಡು ತಿಂಗಳೂ ಆಗಿರಲಿಲ್ಲ. ಅದೇ ಬಾವಿ ಮ್ಯಾಲ ತೀರಿಕೊಂಡಿದ್ದ. ನಮ್ಮ ಕಡಿ ಮೋಟಾರಿನ ಕರೆಂಟ್ ರಾತ್ರೀನೇ ಬಿಡ್ತಿದ್ರು. ಆವತ್ತು ನೀರಿನ ಪಾಳಿ ಮನ್ಮಥಪ್ಪಂದು. ಉಳ್ಳಾಗಡ್ಡಿ ಮಡಿಗಿ, ಬದು ಕಟ್ಟಿದ ಪಾತಿಗಿ, ನೀರು ಹಾಯಿಸಾಕ ಹೋಗ್ಯಾನ, ನಡುವ ಮೋಟಾರ್ ನಿಂತದ, ಹಸಿ ಕಾಲಿಲೇ ಹೋಗಿ ಸ್ಟಾರ್ಟರ್ ಮುಟ್ಟ್ಯಾನ... ಮುಂಜಾನಿ ಅಂಜಪ್ಪನೇ ನೋಡಿದ.

ಅವರಿಗಿ ಒಬ್ಬಾಕೇ ಮಗಳು, ಮಹಾನಂದಾ. ಒಂಬತ್ತು ವರ್ಷದ ಪೋರಿ. ಅಪ್ಪ ಮನಿಗಿ ಬಂದ ಮ್ಯಾಲೇ ಉಣ್ತೀನಿ ಅಂತ ಆ ರಾತ್ರಿ ತಾಟ ಮುಂದಿಟ್ಕೊಂಡು ಕುಂತಾಕಿ. ಅವತ್ತಿನಿಂದ ಮಾತೂ ಇಲ್ಲ, ಊಟಾನೂ ಇಲ್ಲ. ಹೊತ್ತೊತ್ತಿಗಿ ಹಲ್ಲು ಬಿಡಿಸಿ ನಾಕು ಚಮಚ ಹಾಲು ಹಾಕ್ಬೇಕು, ಅಷ್ಟೇ. ಕೈ ಎಷ್ಟು ಬಡವಾಗಿತ್ತಂದ್ರ ಬಳಿ ತಾವೇ ಜಾರಿ ನೆಲಕ್ಕ ಬೀಳ್ತಿದ್ವು. ಜಹೀರಾಬಾದಿನ ಡಾಕ್ಟ್ರು, "ಹೊಟ್ಟಿಗಿ ಹೋಗ್ಲಿಲ್ಲಂದ್ರ ಕೂಸು ಉಳಿಯಂಗಿಲ್ಲಮ್ಮ" ಅಂತ ಮುಖದ ಮ್ಯಾಲೇ ಅಂದುಬಿಟ್ರು. ನಾನೂ ಸುಗಲಾನೂ ಒಂದೇ ಊರಿಗಿ ಬಂದ ಸೊಸ್ತೇರು, ನಮ್ಮ ಮನಿ ಗ್ವಾಡಿಗಿ ಗ್ವಾಡಿ. ಆಕಿ ಅಳೋದು ರಾತ್ರೆಲ್ಲಾ ನನಗ ಕೇಳ್ತಿತ್ತು.

ವೈಜಿನಾಥನ ಚೀಲದಾಗ ಏನಿತ್ತು ಅಂತೀರಿ... ಕಂಪ್ಯೂಟರ್. ಸೌದಿಯಿಂದ ಬಂದ ಗಿರಾಕಿ ಒಬ್ಬ ಕೊಟ್ಟಿದ್ದನಂತ. ಬರೇ ಗುಂಡಿ ಇರೋ ಒಂದು ಕರೀ ಡಬ್ಬಿ. ಅದನ್ನ ಒಂದು ಕಡಿ ಟೀವಿಗಿ ಹಚ್ಚೋದು, ಇನ್ನೊಂದು ಕಡಿ ಟೇಪ್ ರೆಕಾರ್ಡರಿಗಿ. ಅವೆರಡೂ ಆಂವ ಮೊದ್ಲೇ ಅಕ್ಕನ ಮನಿಗಿ ತಂದು ಕೊಟ್ಟಿದ್ದ. ಆಟ ಕ್ಯಾಸೆಟ್ಟಿನ್ಯಾಗ ಇರ್ತಿತ್ತು. ಟೇಪ್ ಬಿಟ್ರ ಕೀಂಂ... ಕರಕರಕರ ಅಂತ ಕಿವಿ ಹರಿಯೋ ಹಂಗ ಒದರ್ತಿತ್ತು. ಬಾಳ ಹೊತ್ತು ಒದರಿ, ಆಮ್ಯಾಲ ಟೀವಿ ಮ್ಯಾಲ ಆಟ ಬರ್ತಿತ್ತು. ಪೋರಿ ಮನಸ್ಸು ಜರಾ ಬ್ಯಾರೆ ಕಡಿ ಹೋಗ್ಲಿ ಅಂತ ತಂದಿದ್ದ ಪಾಪ.

ಆಟ ಏನು ದೊಡ್ಡದಲ್ಲ. ಒಬ್ಬ ಸಣ್ಣ ಮನುಷ್ಯ, ಕೈಯಾಗ ಕಂದೀಲ. ತಗ್ಗು ಜಿಗದು, ಏಣಿ ಹತ್ತಿ ಇಳದು, ಕತ್ತಲಾಗ ಹಾದಿ ಹುಡುಕೊಂಡು ಹೋಗ್ಬೇಕು. ಕಡೀಗಿ ಒಂದು ಮನಿ ಬರ್ತದ, ದೀಪ ಹಚ್ಚಿದ್ದು.

ಮಹಾನಂದಾ ಮೊದಲ ದಿನ ಬರೇ ನೋಡಿದಳು. ಮರುದಿನ ಗುಂಡಿ ಮ್ಯಾಲ ಬೆರಳಿಟ್ಟಳು. ಸ್ವಲ್ಪ ಹೊತ್ತಿಗಿ... ನಾ ಅಲ್ಲೇ ಕುಂತಿದ್ದೆ... ಗಂಟಲಾಗಿಂದ ಗಾಳಿ ಬಂದಂಗ ಒಂದು ದನಿ ಬಂತು.

"ಮಾಮಾ... ಇಂವ ಮನಿಗಿ ಹೋಗ್ತಾನ?"

ಸುಗಲಾನ ಕೈಯಾಗಿನ ಚಂಬು ಜಾರಿ ಬಿತ್ತು. ವೈಜಿನಾಥ ಕಣ್ಣು ಒರಸ್ಕೊಂಡು, "ಹೋಗ್ತಾನವ್ವ. ನೀನೇ ಕರಕೊಂಡು ಹೋಗ್ಬೇಕು. ಆಂವ ಮನಿ ಮುಟ್ಟಿದ ಮ್ಯಾಲ ನೀ ಹೊಟ್ಟಿ ತುಂಬ ಉಣ್ಬೇಕು, ಆತ?" ಅಂದ.

ಪೋರಿ ಹೂಂ ಅಂದಳು. ಎಂಥಾ ಮಾತು ಕೊಟ್ಟೀನಿ ಅಂತ ಅವನಿಗಾದ್ರೂ ಏನು ಗೊತ್ತು?

ಆವತ್ತೇ ರಾತ್ರಿ ಆಕಿ ಆ ಮನುಷ್ಯನ್ನ ಮನಿ ತನಕ ಒಯ್ದಳು. ದೀಪ ಕಾಣಸ್ತು. ಬಾಗಿಲ ಇನ್ನೇನು ಒಂದು ಹೆಜ್ಜಿ... ಟಿಕ್. ಟೀವಿಯಾಗಿನ ಚಿತ್ರ ನಾಕೂ ಕಡಿಯಿಂದ ಒಳಗ ಸರದು, ನಡುಗಿ, ನಿಂತೇಬಿಡ್ತು. ಎತ್ತಿದ ಕಾಲು ಎತ್ತಿದಂಗೇ. ಯಾವ ಗುಂಡಿ ಒತ್ತಿದ್ರೂ ಮಿಸುಕಲಿಲ್ಲ. ಬಂದ್ ಮಾಡಿ ಮತ್ತ ಮೊದಲಿಂದ ಟೇಪ್ ಹಚ್ಚಿದ. ಮತ್ತ ಅಲ್ಲೇ, ಬಾಗಿಲ ಮುಂದೇ ನಿಂತಿತು. ಪೋರಿ ಮುಖ ತಿರುವಿ ಗ್ವಾಡಿ ನೋಡ್ಕೋತ ಮಲ್ಕೊಂಡಳು. ಹಾಲೂ ಉಗುಳಿದಳು.

ವೈಜಿನಾಥ ಏನೇನು ಮಾಡ್ಲಿಲ್ಲ? ಟೇಪಿನ ಹೆಡ್ಡು ಸ್ಪಿರಿಟ್ ಹಚ್ಚಿ ಒರಸಿದ. ಸಣ್ಣ ಸ್ಕ್ರೂ ಆ ಕಡಿ ಈ ಕಡಿ ತಿರುವಿದ. ವೈರ್ ಎಲ್ಲಾ ಕಿತ್ತು ಮತ್ತ ಬೆಸಗಿ ಹಾಕಿದ. ಡಬ್ಬಿ ಕಾಯ್ತದೇನೋ ಅಂತ ಸುಗಲಾನ ಕೈಯಾಗ ಬೀಸಣಗಿ ಕೊಟ್ಟು ಗಾಳಿ ಹಾಕಿಸಿದ. ತಾಂಡೂರಿಗಿ ಹೋಗಿ ಬ್ಯಾರೆ ಕ್ಯಾಸೆಟ್ ತಂದ. ಜಹೀರಾಬಾದಿನಿಂದ ಸ್ಟೆಬಿಲೈಜರ್ ಹೊತ್ಕೊಂಡು ಬಂದ. ಎಲ್ಲಾ ಮಾಡಿ ಹಚ್ಚೋದು, ಪೋರಿ ಎದ್ದು ಕುಂತು ಆಡೋದು, ಬಾಗಿಲ ಮುಂದ ಟಿಕ್ ಅನ್ನೋದು. ಹಗಲಿನ್ಯಾಗ ಆಡಸಾಕ ನೋಡಿದ. ಹಗಲೊತ್ತು ಊರಾಗ ಕರೆಂಟೇ ಇರ್ತಿರಲಿಲ್ಲ.

ಒಂದಿನ ನಮ್ಮ ಕಟ್ಟಿ ಮ್ಯಾಲ ಕುಂತು ಗಂಡಸು ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ. "ಕಾಂತಕ್ಕ, ಆಕಿ ಅದನ್ನೇ ನೆಚ್ಚಿಕೊಂಡು ಕುಂತಾಳ. ಆಟ ಮುಗೀಲಿಲ್ಲಂದ್ರ ಪೋರಿ ಹೋಗ್ತಾಳ. ನನ್ನ ಕೈಲೇ ಹೋಗ್ತಾಳ." ನಾ ಒಳಗಿಂದ ಒಂದು ಚಂಬು ನೀರು ತಂದು ಮುಂದಿಟ್ಟೆ.

ಆವತ್ತು ರಾತ್ರಿ ಮತ್ತ ಹಚ್ಚಿದ. ಈ ಸಲ ಟೀವಿ ನೋಡ್ಲಿಲ್ಲ, ಮ್ಯಾಲಿನ ಬಲ್ಬ್ ನೋಡ್ಕೋತ ನಿಂತ. ಬಾಗಿಲ ಹತ್ರ ಬಂತು... ಬಲ್ಬ್ ಕೆಂಪಗಾತು. ಟಿಕ್. ಆಟ ನಿಂತಿತು. ಬಲ್ಬ್ ಮತ್ತ ಬೆಳ್ಳಗಾತು.

"ಸಿಕ್ತು ಅಕ್ಕ," ಅಂದ ಮೆಲ್ಲಕ. "ಯಾರೋ ಮೋಟಾರ್ ಹಚ್ಚಾಕತ್ತಾರ. ಮೋಟಾರ್ ಏಳೋ ಮುಂದ ಕರೆಂಟ್ ಎಳಿತದ, ಸ್ಟೆಬಿಲೈಜರಿಗೂ ತಡಿಯಂಗಿಲ್ಲ. ಕೇಳು..."

ಕಿವಿಗೊಟ್ಟು ಕೇಳಿದ್ವಿ. ಬಾವಿ ಕಡಿಯಿಂದ... ಗೂಂ.

"ಅಂಜಪ್ಪಣ್ಣಂದು. ಒಂದು ತಾಸು ತಡದು ಹಚ್ರಿ ಅಂತ ಕಾಲು ಹಿಡಕೋತೀನಿ," ಅಂತ ಹೊಂಟ. ನಾನೂ ಹಿಂದ ಹ್ವಾದೆ. ಹೋಗಿ ನೋಡಿದ್ರ ಅಂಜಪ್ಪ ಅಂಗಳದಾಗ ಕೌದಿ ಹೊಚ್ಕೊಂಡು ಮಲ್ಕೊಂಡಾನ. ಕಣ್ಣು ಮಾತ್ರ ತೆರದಾವ.

"ಅಣ್ಣ, ಮೋಟಾರ್ ಯಾರು ಹಚ್ಯಾರ್ರಿ?"

"ಯಾವ ಮೋಟಾರ್ ತಮ್ಮಾ... ಮನ್ಮಥಪ್ಪ ಹೋದ ಮ್ಯಾಲ ನಾನೇ ಬಿಚ್ಚಿ ತಂದು ನಿಮ್ಮಕ್ಕನ ಕೊಟ್ಟಿಗ್ಯಾಗ ಹಾಕೀನಿ, ಆಕಿಗಿ ಅದರ ಖಬರೂ ಇಲ್ಲ. ಬಾವಿ ಮ್ಯಾಲ ಮೋಟಾರೇ ಇಲ್ಲ."

ಮೂವರಿಗೂ ಕೇಳಾಕತ್ತದ. ಗೂಂ...

"ಮತ್ತ ಇದು?"

"ದಿನಾ ಕೇಳ್ತೀನಿ," ಅಂದ ಅಂಜಪ್ಪ. ಕೌದಿ ತಲಿ ಮ್ಯಾಲ ಎಳ್ಕೊಂಡ.

ವೈಜಿನಾಥ ಬ್ಯಾಟರಿ ಹಿಡದು ಸೀದಾ ಕೊಟ್ಟಿಗಿಗಿ ನಡದ. ಎತ್ತು ಎರಡೂ ಮೇವು ಬಿಟ್ಟು ಮೂಲ್ಯಾಗ ಒತ್ತಿಕೊಂಡು ನಿಂತಾವ. ಇನ್ನೊಂದು ಮೂಲ್ಯಾಗ ಗೋಣಿಚೀಲ ಮುಚ್ಚಿದ ಮೋಟಾರ್. ಚೀಲದ ಮ್ಯಾಲ ಬೆರಳು ದಪ್ಪ ಧೂಳ. ಚೀಲ ಸರಿಸಿ ಕೈ ಇಟ್ಟವ ಚಟ್ಟನ ಕೈ ತೆಗದ.

"ಅಕ್ಕ... ಮುಟ್ಟಿ ನೋಡು."

ಮುಟ್ಟಿದೆ. ಸುಡಾಕತ್ತಿತ್ತು. ರಾತ್ರೆಲ್ಲಾ ನಡದ ಮೋಟಾರ್ ಹೆಂಗ ಸುಡ್ತದೋ ಹಂಗ. ಅದರ ವೈರಿನ ತುದಿ ಮಾತ್ರ ಯಾತಕ್ಕೂ ಹಚ್ಚಿಲ್ಲ, ಸಗಣಿ ಮ್ಯಾಲ ಬಿದ್ದದ. ನಾ ಕೈ ತೆಗಿಯೋದಕ್ಕೂ ಬಾವಿ ಕಡಿ ಆ ಗೂಂ ನಿಲ್ಲೋದಕ್ಕೂ ಬರೋಬ್ಬರಿ ಆತು.

ಮುಂಜಾನಿ ಅಂಜಪ್ಪ ತಾನೇ ಬಂದು ವೈಜಿನಾಥನ್ನ ಹೊಲಕ್ಕ ಕರಕೊಂಡು ಹ್ವಾದ. ಮನ್ಮಥಪ್ಪಂದು ಒಂದು ಪದ್ಧತಿ ಇತ್ತು. ನೀರು ತುಂಬಿದ ಮಡಿ ಬಾಯಿ ಮಣ್ಣಿಲೇ ಮುಚ್ಚಿ, ಅಲ್ಲೊಂದು ಜೋಳದ ದಂಟು ನೆಟ್ಟು ಮುಂದ ಹೋಗ್ತಿದ್ದ. ಕತ್ತಲಾಗ ಕೈಯಾಡಿಸಿದ್ರ ಯಾವುದು ಆಗ್ಯಾದ, ಯಾವುದು ಇಲ್ಲ ತಿಳೀಬೇಕಲ್ಲ. ಅರ್ಧ ಹೊಲಕ್ಕ ದಂಟು ನಿಂತಿದ್ವು. ಇನ್ನರ್ಧಕ್ಕ ಇಲ್ಲ. ಉಳ್ಳಾಗಡ್ಡಿ ಎಲ್ಲಾ ಒಣಗಿ ನೆಲಕ್ಕ ಹತ್ತಿತ್ತು.

"ಪಾಳಿ ಮುಗಿಸಿದವ ಇನ್ನೊಬ್ಬನ ಮನಿ ಮುಂದ ಬಂದು, ನಂದು ಮುಗೀತು ಅಂತ ಹೇಳ್ಬೇಕು," ಅಂದ ಅಂಜಪ್ಪ. "ಆ ಮ್ಯಾಲೇ ನನ್ನ ಪಾಳಿ. ನಮ್ಮಪ್ಪಂದಿರ ಕಾಲದಿಂದ ಹಂಗೇ ಅದ. ಆಂವ ಹೇಳಿಲ್ಲ, ಅದಕ್ಕ ನಾ ಆ ನೀರು ಮುಟ್ಟಿಲ್ಲ. ಅವನ ಮನಿಯವರು ಯಾರರ ಮುಗಿಸ್ಬೇಕಿತ್ತು ತಮ್ಮಾ. ಆ ದುಃಖದಾಗ ಯಾರಿಗೂ ನೆಪ್ಪಾಗ್ಲಿಲ್ಲ, ಮೋಟಾರ್ ಬಿಚ್ಚಿಬಿಟ್ವಿ. ಆಂವ ಮನಿಗಿ ಹೆಂಗ ಬರ್ಬೇಕು?"

ಅದೇ ದಿನ ಇಬ್ಬರೂ ಕೂಡಿ ಮೋಟಾರ್ ಹೊತ್ತು ಒಯ್ದು ಬಾವಿ ಮ್ಯಾಲ ಕುಂದ್ರಿಸಿದ್ರು. ರಾತ್ರಿ ವೈಜಿನಾಥ ರಬ್ಬರ್ ಚಪ್ಪಲಿ ಹಾಕ್ಕೊಂಡು ಸಲಿಕಿ ಹಿಡದು ಹೊಂಟ. "ಮೊದ್ಲ ಮೋಟಾರ್ ಏಳ್ಲಿ ಅಕ್ಕ, ಆ ಮ್ಯಾಲ ನೀ ಟೇಪ್ ಬಿಡು. ಹೊಲ ಮುಗಿಯೋ ತನಕ ನಾ ಮೋಟಾರ್ ನಿಲ್ಲಸಂಗಿಲ್ಲ. ನಿಂತು ಮತ್ತ ಎದ್ರ ಆಟ ಹೋಗ್ತದ." ಗುಂಡಿ ಒತ್ತೋದು ನನಗೂ ಕಲಿಸಿದ್ದ.

ಗೂಂ ಅಂತು. ಈ ಸಲ ಅದರ ಹಿಂದ ನೀರಿನ ಗಳಗಳ ಇತ್ತು. ಟೇಪ್ ಬಿಟ್ಟೆ. ಪೋರಿಗಿ ಕುಂದ್ರಾಕ ಶಕ್ತಿ ಇಲ್ಲ, ಅವ್ವನ ಎದಿಗಿ ಒರಗಿ ಕುಂತಾಳ. ಬೆರಳು ಮಾತ್ರ ಆಡಾಕತ್ತಾವ. ತಗ್ಗು ದಾಟಿದಳು. ಬಿದ್ದಳು, ಮತ್ತ ದಾಟಿದಳು. ಬಾಳ ಹೊತ್ತಾತು. ಏಣಿ ಹತ್ತಿಸಿದಳು... ಹೊರಗ ಮೋಟಾರ್ ನಿಂತಿತು.

ಬಾಗಿಲ ದೂಡ್ಕೊಂಡು ವೈಜಿನಾಥ ಬಂದ. ಮೊಣಕಾಲ ತನಕ ಕೆಸರು. ಹಿಂದ ಅಂಜಪ್ಪ.

"ಮೋಟಾರಿನ ಕರೆಂಟ್ ತೆಗದ್ರು ಅಕ್ಕ... ಮನಿ ಲೈಟಿಂದು ಅಷ್ಟೇ ಬಿಟ್ಟಾರ. ಒಂದು ಮಡಿ ಉಳೀತು. ಕಡೀದು. ಬಿಂದಿಗಿಲೇ ಹಾಕ್ತೀನಿ," ಅಂತ ಬಿಂದಿಗಿ ಹುಡಕಾಕತ್ತ. ಅಂಜಪ್ಪ ಸ್ಟಾರ್ಟರಿನ ಫ್ಯೂಸ್ ಕಿತ್ತು ಜೇಬಿನ್ಯಾಗ ಹಾಕ್ಕೊಂಡು ಬಂದಿದ್ದ. ತೆಗದು ತೋರಿಸಿದ.

ಟೀವಿಯಾಗ ದೀಪ ಹಚ್ಚಿದ ಮನಿ ಬಂತು.

ಆಗ... ಠಕ್.

ಬಲ್ಬ್ ಕೆಂಪಗಾತು. ಬಾವಿ ಕಡಿಯಿಂದ ಗೂಂ ಎದ್ದಿತು. ಚಿತ್ರ ಒಳಗ ಸರೀತು, ನಡುಗಿತು... ಆ ಮನುಷ್ಯ ಒಂದು ಕಾಲು ಎತ್ತಿ ನಿಂತ. ಸುಗಲಾ ಸೆರಗು ಬಾಯಾಗ ತುರ್ಕೊಂಡಳು. ದಿನಾ ಆಗಿದ್ರ ಪೋರಿ ಮುಖ ತಿರುವ್ತಿದ್ದಳು. ಆವತ್ತು ತಿರುವಲಿಲ್ಲ. ಟೀವಿಗಿ ಬಾಯಿ ಹಚ್ಚಿ, ಪಿಸುಗುಟ್ಟಿ ಅಂದಳು.

"ಬಾ ಅಪ್ಪ."

ಎಷ್ಟೊತ್ತು ಹಂಗೇ ಇತ್ತೋ... ಬಲ್ಬ್ ಬೆಳ್ಳಗಾತು. ಎತ್ತಿದ ಕಾಲು ಕೆಳಗಿಟ್ಟ. ಬಾಗಿಲ ತೆರೀತು, ಒಳಗ ಹ್ವಾದ, ಬಾಗಿಲ ಮುಚ್ಚಿತು. ಟಿಣಿ ಟಿಣಿ ಅಂತ ಡಬ್ಬ್ಯಾಗ ಒಂದು ಸಣ್ಣ ಹಾಡು ಬಂತು. ಹೊರಗ ಮೋಟಾರ್ ತಾನೇ ನಿಂತಿತು.

"ಅವ್ವಾ, ಹಸಿವ್ಯಾಗ್ಯಾದ," ಅಂದಳು ಮಹಾನಂದಾ.

ಸುಗಲಾ ಹಾಲಿನ್ಯಾಗ ರೊಟ್ಟಿ ಹಿಚುಕಿ ಕೊಟ್ಟಳು. ಕೊಡೋವಾಗ ಆಕಿ ಕಣ್ಣೀರು ತಾಟಿನ್ಯಾಗೇ ಬೀಳಾಕತ್ತಿತ್ತು. ಪೋರಿ ತಾಟ ನೆಕ್ಕಿ ಉಂಡಳು. ಆಕಿ ಈಗ ನಾರಾಯಣಖೇಡದಾಗ ಅದಾಳ, ಎರಡು ಮಕ್ಕಳ ತಾಯಿ. ನಂಬಿಕಿ ಇಲ್ಲಂದ್ರ ಹೋಗಿ ಕೇಳ್ರಿ, ಬ್ಯಾಡ ಅಂದವರ್ಯಾರು?

ಬೆಳಕು ಹರದ ಮ್ಯಾಲ ನಾವೆಲ್ಲಾ ಹೊಲಕ್ಕ ಹ್ವಾದ್ವಿ. ವೈಜಿನಾಥ ಹಾಯಿಸಿದ ಮಡಿಗಿ ಬಾಯಿ ಅಷ್ಟೇ ಮುಚ್ಚಿದ್ದ, ದಂಟು ನೆಡೋದು ಅವನಿಗಿ ನೆಪ್ಪೇ ಆಗಿರಲಿಲ್ಲ. ಆಂವ ಬಿಟ್ಟು ಬಂದ ಆ ಕಡೀ ಮಡಿ ಬದು ತನಕ ತುಂಬಿ ನಿಂತಿತ್ತು. ಫ್ಯೂಸ್ ಇನ್ನೂ ಅಂಜಪ್ಪನ ಜೇಬಿನ್ಯಾಗೇ ಇತ್ತು. ಅಂಜಪ್ಪ ನೀರು ನೋಡ್ಕೋತ ನಿಂತು, "ರಾತ್ರಿ ನಮ್ಮ ಬಾಗಿಲಿಗಿ ಬಂದು, ನಂದು ಮುಗೀತು ಅಂತ ಹೇಳಿ ಹ್ವಾದ," ಅಂದ.

ನಾ ಅಂಜಪ್ಪನ ಮಾತು ಹೇಳ್ತಿಲ್ಲ, ನಾ ಕಂಡದ್ದು ಹೇಳ್ತೀನಿ. ಆ ಮಡಿ ಬಾಯಿ ಮುಚ್ಚಿತ್ತು. ಅದರ ಮ್ಯಾಲ ಒಂದು ಜೋಳದ ದಂಟು ನೆಟ್ಟಿತ್ತು.